ನಲವತ್ತು ರೂಪಾಯಿ ಸ್ಪ್ರಿಂಗು

ಉದ್ಯಮಬಾಗದಾಗ ನನ್ನ ಶೆಡ್ಡು ಸಣ್ಣದು.
ಒಂದು ಲೇಥು, ಒಂದು ಸುತ್ತೂ ಮಷೀನು,
ಗ್ವಾಡಿಗೆ ಜೋತುಬಿದ್ದ ತಂತಿ ಸಿಂಬಿಗಳು.
ಪಂಪಿನವರಿಗೆ ದಿನಕ್ಕ ಸಾವಿರ ಸ್ಪ್ರಿಂಗು ಸುತ್ತತೀನಿ,
ಒಂದರ ಮುಖಾನೂ ನೆಪ್ಪಿಡೂದಿಲ್ಲ.

ಶನಿವಾರ, ಕರೆಂಟು ಹೋದ ಹೊತ್ತಿನಾಗ
ದಸ್ತಗೀರ ಬ್ಯಾಪಾರಿ ಬಂದ, ಕೈಯಾಗ ಎಣ್ಣಿ ಶೀಸೆ.
ಹಿಂದ ಹುದ್ದಾರ ಬಾಯಾರು,
ಎಡಗಾಲಿಗೆ ಕ್ಯಾಲಿಪರ್ ಬಿಗಿದುಕೊಂಡು ಒಂದೊಂದ ಹೆಜ್ಜಿ.
ಅವರ ಗಾಡಿಗೆ ಕ್ಲಚ್ಚಿಲ್ಲ, ಹದಿನೆಂಟು ವರ್ಷದ್ದು.
ಅದಿಲ್ಲಂದ್ರ ಖಾನಾಪುರ ರಸ್ತೆ ಇಲ್ಲ,
ನಂದಗಡದ ಸಾಲಿ ಇಲ್ಲ.

"ಎರಡರಿಂದ ಮೂರಕ್ಕ ಹೋಗೂಮುಂದ
ಇಂಜಿನ್ನು ಒದರತೈತಿ, ಗಾಡಿ ಕೇಳೂದಿಲ್ಲ.
ನಡುವ ಒಂದು ಉಸಿರಿನಷ್ಟು
ನಾನು ಯಾರ ಕೈಯಾಗೂ ಇರೂದಿಲ್ಲ," ಅಂದ್ರು.

ಶೋರೂಮಿನಾಂವ ಮೊದಲು ಹೇಳಿದ್ನಂತ:
ದೋಷ ಅಲ್ರಿ ಇದು, ಮೆತ್ತಗ ಬೀಳಲಿ ಅಂತನ ಮಾಡ್ಯಾರ.
ಆಮ್ಯಾಲೆ ಹೇಳಿದ್ನಂತ:
ಡಬ್ಬಿನ ಬದಲಿ ಮಾಡ್ರಿ, ಒಂದು ಲಕ್ಷ ನಲವತ್ತು.

ಶೀಸೆ ಮೂಸಿ ನೋಡಿದೆ.
ಒಲಿ ಮ್ಯಾಲೆ ಮರತುಬಿಟ್ಟ ಒಗ್ಗರಣಿ.
"ಮೆತ್ತಗ ಬೀಳತೈತಲ್ಲ, ಅದರ ಬಿಲ್ಲು ಇದು,"
ಅಂದ ದಸ್ತಗೀರ, ಬೆಂಚಿನ ಧೂಳಿನಾಗ ಬೆರಳಿಲೆ ಬರದು ತೋರಿಸಿದ:
ಇಲ್ಲೊಂದು ಕಿರುಬಾವಿ, ಅದರಾಗ ಪಿಸ್ಟನ್ನು, ಅದರ ಬುಡಕ ಸ್ಪ್ರಿಂಗು.
ಎಣ್ಣಿ ರಭಸದಿಂದ ಬಂತಂದ್ರ ಇದು ಕುಂದ್ರತೈತಿ,
ಕುಂತು ಜೋರು ಮುರೀತೈತಿ,
ಒಳಗ ಕುಂತವರ ಚಹಾ ಚೆಲ್ಲಬಾರದಂತ.
ಇದರದು ಮರ್ಯಾದಿ ಜಾಸ್ತಿ ಆತು.
ಅಷ್ಟೊತ್ತನಕಾ ಪ್ಲೇಟುಗಳು
ಹಿಡಿಯೂದೂ ಇಲ್ಲ, ಬಿಡೂದೂ ಇಲ್ಲ,
ಬರೇ ತಿಕ್ಕಾಟ.

ಇಷ್ಟು ಹೇಳೂದರಾಗ ಅಂವ
ನನ್ನ ಕೂಡ ಕನ್ನಡ, ಲೇಥಿನ ಪರಶ್ಯಾನ ಕೂಡ ಮರಾಠಿ,
ಫೋನಿನಾಗ ಮನಿಯವರ ಕೂಡ ಉರ್ದು.
ಎಲ್ಲೂ ಜರ್ಕಿಲ್ಲ. ಎಲ್ಲೂ ಜಾರಲಿಲ್ಲ.
ಬೆಳಗಾವ್ಯಾಗ ನಾಲಿಗಿಗೆ ಯಾರು ಸೆಟ್ ಮಾಡಿ ಕೊಟ್ರೋ.

ನನ್ನ ನಾಲಿಗಿ ಮಾತ್ರ ಒಂದ ಮಾತಿಗೆ ಕಲತಾಂವ: ನೋಡೂಣು.
ರೇಟು ಕೇಳಿದವರಿಗೆ, ನೋಡೂಣ್ರಿ.
ಸುತ್ತೂ ಮಷೀನು ನನಗ ಬಿಟ್ಟು ಕೊಡಪಾ ಅಂತ
ಮಗಳು ತ್ರಿಶಲಾ ಮೂರು ವರ್ಷ ಕೇಳಿದ್ಲು.
ಇಲ್ಲ ಅಂದ್ರ ಆಕಿ ಮನಸ್ಸಿಗೆ ಪೆಟ್ಟು,
ಹೂಂ ಅಂದ್ರ ನನ್ನ ಕೈಗೆ.
ನೋಡೂಣು.

ಮೊದಲನೆ ಸ್ಪ್ರಿಂಗು ನಾನ ಸುತ್ತಿದೆ, ಎರಡು ಎಮ್ಮೆಮ್ಮಿನ ತಂತೀಲೆ.
ಥರ್ಡ್ ಗೇಟ್ ದಾಟಿದ ಕೂಡಲೆ ಗಾಡಿ ಹಿಂದಿಂದ ಒದ್ಧಂಗಾತು,
ಬಾಯಾರ ಚಾಳೀಸು ಮೂಗಿನ ತುದಿಗೆ.
"ಅದು ಸುಮ್ಮನಿರೂ ಮಾಸ್ತರ, ಇದು ಹೊಡಿಯೂ ಮಾಸ್ತರ," ಅಂದು
ರಸ್ತೆ ಬದಿಗೆ ನಿಲ್ಲಿಸಿ ನಕ್ಕರು.
"ಸಾಲ್ಯಾಗ ಇಬ್ಬರೂ ಕೆಲಸಕ್ಕ ಬರೂದಿಲ್ಲ."

ಹಳಿ ಸ್ಪ್ರಿಂಗು ಬೆಳಕಿಗೆ ಹಿಡದು ತ್ರಿಶಲಾ ಎಳಿ ಎಣಿಸಿದ್ಲು.
"ಪಪ್ಪಾ, ಒಂದು ಪಾಯಿಂಟ್ ಎಂಟು. ಬುಡಕ ಒಂದು ವಾಷರು."
ನನ್ನ ಬಾಯಿ ತೆರೀತು. ರೂಢಿ.
ಕರೆಂಟು ಬಂತು.
ನಾನು ಸ್ಟೂಲು ಬಿಟ್ಟು ಎದ್ದೆ.

ಸಂಜಿ ಅದ ರಸ್ತೆ, ಈ ಸಲ ನಾನು ಹಿಂದಿನ ಸೀಟಿನಾಗ.
ಒಂದು. ಎರಡು.
ಮೂರಕ್ಕ ಬರೂಮುಂದ
ಗದ್ದಲದಾಗ ಯಾರೋ ಹೆಗಲು ಮುಟ್ಟಿ
"ಸರೀರಿ, ಮುಂದ ಹೋಗಬೇಕು" ಅಂದಂಗ.
ಬಾಯಾರು ಏನೂ ಅನ್ನಲಿಲ್ಲ,
ಸ್ಟೇರಿಂಗು ಹಿಡಿದಿದ್ದ ಬೆರಳು ಸಡಿಲಾದವು.

ಎಷ್ಟಾತು ಅಂತ ಕೇಳಿದ್ರು.
"ನಲವತ್ತು. ವಾಷರಿನ ಎರಡು ರೂಪಾಯಿ ಬ್ಯಾರೆ."

ಆ ಗಟ್ಟಿ ಸ್ಪ್ರಿಂಗು ಇನ್ನೂ ನನ್ನ ಬೆಂಚಿನ ಮ್ಯಾಲೈತಿ,
ಬಿಲ್ಲುಗಳು ಹಾರಬಾರದಂತ ಇಟ್ಟೀನಿ.
ಹೊತ್ತು ಹೋಗದಾಗ ಹೆಬ್ಬಟ್ಟಿಲೆ ಒತ್ತತೀನಿ.
ಕುಂದ್ರೂದಿಲ್ಲ.