ಜನವರಿಯ ಸೋಸುಕಾಗದ

ಬೆಳಿಗ್ಗೆ ಆರಕ್ಕೆ ತಗಡಿನ ಡಬ್ಬಿಯ ಬೀಗ ತೆಗೆದು
ಕೈಗವಸು ಕಳಚುತ್ತೇನೆ, ಚಿಮುಟ ಬರಿಬೆರಳನ್ನೇ ಕೇಳುತ್ತದೆ.
ನಿನ್ನೆ ಇಡುವಾಗ ಕಾಗದ ಮೊಟ್ಟೆಚಿಪ್ಪಿನ ಬಿಳುಪು,
ಇವತ್ತು ಎತ್ತುವಾಗ ಬಾಣಲೆಯ ತಳ.
ಒಂದು ಹಗಲು, ಒಂದು ರಾತ್ರಿ
ಈ ಬೀದಿ ಎಳೆದುಕೊಂಡ ಉಸಿರು
ಅಂಗೈಯಗಲದ ಲಕೋಟೆಯಲ್ಲಿ.

ಆಗಸ್ಟಿನ ಕಾಗದ ಹೀಗಿರಲಿಲ್ಲ.
ಬೆಳಕಿಗೆ ಹಿಡಿದರೆ ತೆಳು ಹಳದಿ:
ಸೀನು ತರಿಸುವ ಕಳೆಗಿಡದ ಪರಾಗ, ಟ್ರಾಮ್ ಹಳಿಯ ತುಕ್ಕು,
ಸೂರ್ಯಕಾಂತಿ ಹೊಲದಿಂದ ಹೊರಟು ದಾರಿ ತಪ್ಪಿದ ಮಣ್ಣು.

ತಪ್ಪು ನೆಲದ್ದೂ ಹೌದು.
ಮಿಶ್ಕೋಲ್ಟ್ಸ್ ಊರು ತೊಟ್ಟಿಯೊಳಗೆ ಕೂತಿದೆ.
ಪಡುವಣಕ್ಕೆ ಬ್ಯೂಕ್ ಬೆಟ್ಟಸಾಲಿನ ಬೆನ್ನು,
ಊರ ಹೊಟ್ಟೆಯಲ್ಲೇ ಎದ್ದ ಆವಾಶ್ ಗುಡ್ಡ, ಅದರ ನೆತ್ತಿಗೊಂದು ಗೋಪುರ;
ಮೂಡಣಕ್ಕೆ ಶಾಯೋ ನದಿ, ಅದರಾಚೆ ಬಯಲು.
ಬಾಗಿಲೇನೋ ತೆರೆದೇ ಇದೆ,
ಡಿಸೆಂಬರಿನಲ್ಲಿ ಗಾಳಿಗೆ ಕಾಲಿರುವುದಿಲ್ಲ.
ಚಳಿ ಕೆಳಗೆ ಕೂರುತ್ತದೆ, ಬಿಸಿ ಮೇಲೆ ಮಲಗುತ್ತದೆ.
ಕಚೇರಿಯಲ್ಲಿ ಇದಕ್ಕೊಂದು ಉದ್ದನೆಯ ಹೆಸರುಂಟು.
ಎದುರುಮನೆಯ ವೆಂಡೆಲ್ ಮುದುಕ 'ಮುಚ್ಚಳ' ಎನ್ನುತ್ತಾನೆ.

'ಉಕ್ಕಿನ ಕಾರ್ಖಾನೆ ಉರಿಯುತ್ತಿದ್ದಾಗ' ಎಂದು ಶುರುಮಾಡುತ್ತಾನೆ,
'ಬಿದ್ದ ಹಿಮ ಮಧ್ಯಾಹ್ನದೊಳಗೆ ಇಟ್ಟಿಗೆಯ ಬಣ್ಣ.
ಮಾಲ್ವಿನಾ ಹಾಸುಬಟ್ಟೆಯನ್ನು ಎರಡೆರಡು ಸಲ ಒಗೆಯುತ್ತಿದ್ದಳು.
ಆದರೆ ಆ ಹೊಗೆಗೆ ಸಂಬಳವಿತ್ತು, ಮಗೂ.
ಈಗಿನ ಹೊಗೆ ಬಿಟ್ಟಿ.'

ಬೆಂಕಿಯಿಲ್ಲದೆ ಹೊಗೆಯಾಡದು, ನಿಜ.
ಬೆಂಕಿ ಒಬ್ಬರದು, ಹೊಗೆ ಊರಿನದು.
ನನ್ನ ಮೂಗಿಗೆ ಈಗ ಮನೆಗಳು ಗೊತ್ತು:
ಪುರಸಭೆ ಹಂಚಿದ ಹಸಿ ಸೌದೆ ಹುಳಿ ನಾರುತ್ತದೆ,
ಕಂದು ಕಲ್ಲಿದ್ದಲು ಕೊಳೆತ ಮೊಟ್ಟೆ.
ಮೂಲೆಮನೆಯ ಇಬೋಯಾ ಸುಡುವುದು
ಹಳೆಯ ಬಾಗಿಲುಗಳನ್ನು. ಬಣ್ಣದ ಹೊಗೆ ಸಿಹಿ,
ನಾಲಗೆಯಡಿ ನಾಣ್ಯ ಇಟ್ಟ ಹಾಗೆ.
ಅವಳ ಕೂಸಿಗೆ ಏಳು ವಾರ.
ಚೊಂಗೋರ್ ಸಾಹೇಬರ ನಮೂನೆಯಲ್ಲಿ 'ಮೂಲ' ಎಂಬ ಖಾನೆ.
'ಮನೆ ಒಲೆ' ಎಂದು ಬರೆಯುತ್ತೇನೆ.
ಯಾರ ಮನೆ ಎನ್ನಲು ಅಲ್ಲಿ ಜಾಗವಿಲ್ಲ. ದೇವರ ದಯೆ.

ಕಳೆದ ಭಾನುವಾರ ಬಸ್ಸು ಹತ್ತಿ ಬಾನ್‌ಕೂತ್‌ಗೆ ಹೋದೆ.
ಅರ್ಧ ದಾರಿಯ ಒಂದು ತಿರುವಿನಲ್ಲಿ
ಚಾಲಕ ದೀಪ ಆರಿಸಿದ: ಬಿಸಿಲು!
ಬೀಚ್ ಮರಗಳ ಬರಿಗೊಂಬೆಯಿಂದ ಹನಿ ತೊಟ್ಟಿಕ್ಕುತ್ತಿತ್ತು,
ಜನ ಕೋಟು ಕಳಚಿ ತೋಳಿಗೆ ಹಾಕಿಕೊಂಡಿದ್ದರು.
ಅಂಚಿನ ಬಂಡೆಗೆ ನಡೆದು ನೋಡಿದರೆ
ಕೆಳಗೆಲ್ಲ ಕೆನೆಗಟ್ಟಿದ ಹಾಲು,
ಅದರಲ್ಲಿ ಯಾರೋ ಮರೆತ ಚಮಚದ ಹಿಡಿಯಂತೆ
ಆವಾಶ್ ಗೋಪುರದ ತುದಿ.
'ನಮ್ಮ ಮನೆ ಎಲ್ಲಿ?' ಹುಡುಗನೊಬ್ಬ ಕೇಳಿದ.
ಅಪ್ಪ ಬೆರಳು ತೋರಿಸಿದ: 'ಹಾಲಿನಡಿ.'
ಎಷ್ಟು ಚೆಂದ ಎಂದರು ಎಲ್ಲರೂ. ನಾನೂ ಅಂದೆ.
ಹಂದಿಕೊಬ್ಬು ಸವರಿದ ಬ್ರೆಡ್ಡಿಗೆ ಈರುಳ್ಳಿ ನಂಜಿಕೊಂಡು
ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಕೊಟ್ಟೆ.

ಇಳಿಯುವಾಗ ಅದೇ ತಿರುವಿನಲ್ಲಿ ದೀಪ ಹತ್ತಿತು,
ಎರಡು ಗಂಟೆಗೇ ಸಂಜೆ.
ಮೊದಲು ಕೆಮ್ಮಿದ್ದು ಮುಂದಿನ ಸೀಟು.

ಮನೆಯಲ್ಲಿ ಗ್ಯಾಸಿನ ಬಿಲ್ಲು ಬಾಗಿಲಡಿ ತೂರಿ ಬಿದ್ದಿತ್ತು.
ಅದನ್ನೇ ಸುರುಳಿ ಸುತ್ತಿ ಕಡ್ಡಿ ಗೀರಿದೆ,
ಹಸಿರು ಟೈಲಿನ ಒಲೆಯ ಬಾಯಿಗೆ ಎರಡು ಉಂಡೆ ಕಲ್ಲಿದ್ದಲು.
ಬೆನ್ನು ಕಾಯಿತು. ನಾಚಿಕೆಯೂ ಸ್ವಲ್ಪ ಬೆಚ್ಚಗಾಯಿತು.
ಮರುದಿನದ ಲೆಕ್ಕ ನೂರಾ ಮೂವತ್ತೆಂಟು.
ಅದರಲ್ಲಿ ನನ್ನದೆಷ್ಟು ಎಂದು
ತಕ್ಕಡಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫೆಬ್ರವರಿ ಒಂಬತ್ತರ ರಾತ್ರಿ ಹೆಂಚು ಹಾರಿಸುವ ಗಾಳಿ.
ಬೆಳಿಗ್ಗೆ ಕಾಗದ ಹೆಚ್ಚುಕಡಿಮೆ ಇಟ್ಟ ಹಾಗೇ ಇತ್ತು. ಹನ್ನೊಂದು.
ಎಂಟಕ್ಕೆ ವೆಂಡೆಲನ ಫೋನು, ದನಿಯಲ್ಲಿ ಗಾಬರಿ:
'ಅಡುಗೆಮನೆ ಕಿಟಕಿಯಿಂದ ಗೋಪುರ ಕಾಣ್ತಾ ಇದೆ,
ಅದರ ಕಂಬಿ ಎಣಿಸಬಹುದು.
ಏನಾಯಿತು?'