ಐದು ನಾಲ್ಕು ಸೊನ್ನೆ

ಉಪಗ್ರಹ ನಂಬಿ ಈ ತಿಂಗಳು ಸಿಕ್ಕಿದ್ದು ಮೂರು:
ಬೈತಖೋಲದ ಲಂಗರುಗೂಟದ ಬುಡದಲ್ಲಿ ಮಾತ್ರೆಡಬ್ಬಿ,
ಬಸ್‌ಸ್ಟ್ಯಾಂಡ್ ಬೆಂಚಿನಡಿ ಅಯಸ್ಕಾಂತ
(ಕಂಡಕ್ಟರ್ ನೋಡಿದ, ಚಪ್ಪಲಿ ಸರಿಮಾಡಿದಂತೆ ನಟಿಸಿದೆ),
ಸದಾಶಿವಗಡದ ಬಿರುಕಲ್ಲಿ ಫಿಲ್ಮ್ ಡಬ್ಬಿ; ಒಳಗೆ ಇರುವೆ ಸಂಸಾರ,
ಸಹಿ ಹಾಕದೆ ಮುಚ್ಚಿದೆ.

ನಾಲ್ಕನೆಯದಕ್ಕೆ ಮೂರು ಭಾನುವಾರ.
ಅಕ್ಷಾಂಶ ಸರಿ, ರೇಖಾಂಶ ಸರಿ,
ಮಿಕ್ಕ ಮೂರಂಕಿ ಎಲ್ಲೂ ಕೂರದು.
ಕೋಡಿಬಾಗದ ಅಳಿವೆಯಲ್ಲಿ, ಸೊಂಟಮಟ್ಟ ನೀರಲ್ಲಿ
ಫೋನೆತ್ತಿ ನಿಂತವನ ಕಂಡು
ಬೆಳಚಿನ ಬುಟ್ಟಿ ಹೊತ್ತ ಬುದ್ವಂತಿ ಕೇಳಿದಳು:
“ಎಂತ ಕಳ್ಕಂಡ್ರಿ?”
“ಕಳ್ಕೊಂಡಿಲ್ಲ. ಹುಡುಕ್ತಿದ್ದೇನೆ.”
ನಕ್ಕಳು, ಬುಟ್ಟಿ ಕುಲುಕುವಷ್ಟು.
“ಆ ಡಬ್ಬಿಯಾ? ಅಮಾಸೆಗೆ ಬನ್ನಿ,
ಐದೂ ನಲವತ್ತಕ್ಕೆ ಕಲ್ಲು ಬೋಳಾಗ್ತದೆ.”

ಪಟ್ಟಿಯಲ್ಲಿ ಹನ್ನೊಂದು ಹೆಸರು.
“ಅಲೆ ಒಯ್ದಾಗೆಲ್ಲ ನಾನೇ ಹೆಕ್ಕಿ ತಂದಿಡೂದು.”
ಹನ್ನೆರಡನೆಯದು ಅವಳದ್ದು ಬರೆದೆ;
ಪೆನ್ಸಿಲ್ ಅಲ್ಲಿಗೆ ಮುರಿಯಿತು.