ಅರೆಕಾಲಿಕ

ಸುಂಟಿಕೊಪ್ಪದ ನಮ್ಮ ಚರ್ಚಿನ ನೋಟೀಸು ಹಲಗೆಗೆ
ನಾನೇ ಅಂಟಿಸಿದ ಚೀಟಿ, ಅಕ್ಷರವೂ ನನ್ನದೇ:
ಬೇಕಾಗಿದ್ದಾರೆ, ಗಾಯನವೃಂದ ನಡೆಸಲು, ಅರೆಕಾಲಿಕ.
ಭಾನುವಾರ ಎರಡು ಪೂಜೆ, ಶನಿವಾರ ಅಭ್ಯಾಸ.
ಅಭ್ಯಾಸ ಆರಕ್ಕೆ ಮುಗಿಯಲೇಬೇಕು,
ಆಮೇಲೆ ರಸ್ತೆ ಆನೆಗಳದ್ದು.

ಸಂಬಳದ ಜಾಗ ಖಾಲಿ ಬಿಟ್ಟಿದ್ದೆ.
ಅದಕ್ಕೇ ಸಭೆ ಕರೆದದ್ದು.
ಖಜಾಂಚಿ ವಿನ್ಸಿ ಪಿರೇರಾ ಎರಡು ಸಾವಿರ ಅಂದರು,
ತೋಟದ ರೈಟರ್ ದೇವಸಹಾಯಂ ಮೂರು.
ಚಾಕೋಚನ್ ಮಾತ್ರ ಚಹಾ ಕೆಳಗಿಟ್ಟು,
"ಲಿಗೋರಿ ಮಾಸ್ಟರಿಗೆ ಎಷ್ಟು ಕೊಡ್ತಿದ್ದೆವು?"

ಲೆಕ್ಕದ ಪುಸ್ತಕ ತೆಗೆದೆ.
ಮೂವತ್ತೊಂದು ವರ್ಷ.
ಮೇಣದ ಬತ್ತಿಯಿತ್ತು, ಗಂಟೆಯ ಹಗ್ಗವಿತ್ತು,
ಗೋಪುರದ ಹೆಜ್ಜೇನು ಬಿಡಿಸಿದವನ ಕೂಲಿಯೂ ಇತ್ತು.
ಮಾಸ್ಟರ ಹೆಸರಿಗೆ ಪ್ರತಿ ಡಿಸೆಂಬರಿನಲ್ಲಿ
ಪ್ಯಾಂಟಿನ ಬಟ್ಟೆ ಒಂದು, ಕೇಕು ಒಂದು ಕಿಲೋ.
ಎರಡು ವರ್ಷ ಬಟ್ಟೆಯೂ ಇಲ್ಲ,
ಕಾಫಿಗೆ ಬೆಲೆ ಬಿದ್ದ ವರ್ಷಗಳು.
ಮಾಸ್ಟರು ಎಂದೂ ಅದೇ ಕಂದು ಪ್ಯಾಂಟಿನಲ್ಲೇ ಬರುತ್ತಿದ್ದರಲ್ಲ
ಎಂದು ಯಾರೂ ಅನ್ನಲಿಲ್ಲ.

ಮೂರೂವರೆ ಸಾವಿರ ಎಂದು ಬರೆದುಕೊಂಡೆ.
ತಕರಾರು ಬರಲಿಲ್ಲ.

ಬಂದವರು ಮೂವರು.
ಮೈಸೂರಿನ ಹುಡುಗನ ಕೀಬೋರ್ಡಿನೊಳಗೆ
ಇನ್ನೂರು ತಾಳ, ಚಪ್ಪಾಳೆ ಸಮೇತ.
ಕರೆಂಟು ಹೋಯಿತು, ಅವನೂ ಹೋದ.
ಮಡಿಕೇರಿಯ ಬ್ಯಾಂಡಿನವನು ಚೆನ್ನಾಗಿಯೇ ನುಡಿಸಿದ,
ಆದರೆ ಮದುವೆ ಹಂಗಾಮಿನಲ್ಲಿ ರಜೆ ಕೇಳಿದ.
ಮದುವೆಗಳೆಲ್ಲ ಭಾನುವಾರ.

ಮೂರನೆಯವಳು ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೀಜ ಆರಿಸುವವಳು, ಸೆರಫಿನಾ.
ಪಾಳಿ ಮುಗಿಸಿ ಬಸ್ಸಿಳಿದು ಬಂದಳು,
ಸೆರಗಿನಲ್ಲಿ ಕಾಫಿ ಹೊಟ್ಟಿನ ವಾಸನೆ.
ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೊ ತಿಂದದ್ದು.
ಎಳೆದಿಡುವ ಹೆಜ್ಜೆಯ ಸದ್ದು
ಬಲಿಪೀಠದ ತನಕ ಹೋಗಿ ವಾಪಸ್ಸು ಬಂತು.

ನಮ್ಮದೋ, ಕಾಲಲ್ಲಿ ತಿದಿಯೊತ್ತುವ ಹಳೇ ಆರ್ಗನ್.
ಎರಡು ಪೆಡಲು. ಹೇಗೆ ಹೇಳುವುದು?
ಎಲ್ಲರೂ ಮಾಡಿನ ಹೆಂಚು ಎಣಿಸಿದೆವು.
ಅವಳೇ ಹೇಳಿದಳು, ನಗದೆ:
"ಅರೆಕಾಲಿಕ ಅಂತ ನೀವೇ ಬರೆದಿದ್ದೀರಲ್ಲ ಸರ್.
ನನ್ನ ಹತ್ತಿರ ಒಂದಿಡೀ ಇದೆ."

ತಾತ ಮಗ್ಗಿ ಹೇಳಿಸುತ್ತಿದ್ದರು ನನಗೆ:
ಕಾಲು, ಅರೆ, ಮುಕ್ಕಾಲು.
ಅರೆಕಾಲು ಎಂದರೆ ಎಂಟರಲ್ಲಿ ಒಂದು.
ಅದು ನೆನಪಾದದ್ದು ಆಗ.
ನಗು ಬಂದದ್ದು ಮನೆಗೆ ಹೋದ ಮೇಲೆ,
ಅದನ್ನು ನಗು ಅನ್ನಬಹುದಾದರೆ.

ಕೂತಳು. ಬಲಗಾಲೊಂದೇ ಒತ್ತಿತು.
ಸ್ವರ ಎದ್ದಿತು, ಸಾಲಿನ ಕೊನೆಗೆ ಬತ್ತಿತು,
ಬಾವಿಗೆ ಹಗ್ಗ ಗಿಡ್ಡವಾದ ಹಾಗೆ.
ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ.
ಧೂಪದ ಕೆಂಡಕ್ಕೆ ಬಂದಿದ್ದ ಎಬಿನ್, ಐದನೇ ಕ್ಲಾಸು,
ಇಕ್ಕಳ ಕೆಳಗಿಟ್ಟು ಮಂಡಿಯೂರಿ
ಎಡ ಪೆಡಲನ್ನು ಎರಡೂ ಕೈಯಲ್ಲಿ ಅದುಮತೊಡಗಿದ.
ಯಾರೂ ಹೇಳಿರಲಿಲ್ಲ.
ಅವಳು ತಿರುಗಿ ನೋಡದೆ ಗದರಿದಳು:
"ತಾಳ ಹಾಕಬೇಡ. ಉಸಿರು ಮಾತ್ರ ಕೊಡು."

ಈಗ ಶನಿವಾರಗಳು ಹೀಗೆ:
ಕೊಂಕಣಿ ಬಾಯಮ್ಮಂದಿರು, ಲೈನ್ ಮನೆಯ ತಮಿಳು ಹುಡುಗಿಯರು,
ಚಾಕೋಚನ್ನನ ಮಲಯಾಳದ ಮೂಗು,
ಒಂದೇ ಕನ್ನಡ ಸಾಲನ್ನು ನಾಲ್ಕು ಕಡೆಗೆ ಎಳೆಯುವುದು.
ಒಡಕು ಸ್ವರ ಕೇಳಿದ ಕೂಡಲೇ ಅವಳ ಬೆರಳು
ಕರಿಬೀಜವನ್ನು ಪಕ್ಕಕ್ಕೆ ತಳ್ಳಿದ ಹಾಗೆ ಸರಿಯುತ್ತದೆ.
ಯಾರ ಹೆಸರೂ ಹೇಳುವುದಿಲ್ಲ.
ಅವರವರಿಗೇ ಗೊತ್ತಾಗುತ್ತದೆ.

ಮೊದಲ ತಿಂಗಳ ರಸೀದಿಗೆ ಸಹಿ ಮಾಡುವಾಗ ಕೇಳಿದಳು:
"ಇದರಲ್ಲಿ ಹುಡುಗನದ್ದೆಲ್ಲಿ?"
ಮಕ್ಕಳಿಗೆ ಸಂಬಳ ಕೊಡುವಂತಿಲ್ಲ, ಫಾದರ್ ಗಾಬರಿಯಾದರು.
ಹಾಗಾದರೆ ಶಾಲೆಯ ಫೀಸು ಅನ್ನಿ, ಅಂದಳು.
ನಾನು ಅದನ್ನೂ ಬರೆಯದೆ
ಪುಸ್ತಕದಲ್ಲಿ ಹೊಸ ಸಾಲೊಂದು ಎಳೆದೆ:
ಗಾಳಿಗೆ, ಐನೂರು.

"ಗಾಳಿಗೂ ದುಡ್ಡಾ?" ವಿನ್ಸಿ ಪಿರೇರಾ ಕನ್ನಡಕ ಏರಿಸಿದರು.
ಹಿಂದಿನ ಪುಟಗಳನ್ನು
ಅವರ ಕಡೆಗೆ ತಿರುಗಿಸಲು ಕೈ ಹೋಯಿತು. ತಿರುಗಿಸಲಿಲ್ಲ.
ಆರಾಗುತ್ತ ಬಂದಿತ್ತು.
ಸೆರಫಿನಾ ಬಸ್ಸಿಗೆ ಆಗಲೇ ಎದ್ದಿದ್ದಳು,
ಎಬಿನ್ ಅವಳ ಚೀಲ ಹೊತ್ತು ಮುಂದೆ ಮುಂದೆ,
ಒಂದು ಹೆಜ್ಜೆ ಹೆಚ್ಚು, ಒಂದು ಹೆಜ್ಜೆ ಕಾಯುತ್ತ.